ಭಟ್ಟಿಯಲ್ಲಿ ಕರಿದು ಉಳಿದ ಎಣ್ಣೆಯನ್ನು ಯಾರಿಗೆ ಕೊಡಬೇಕು? 50 ಲೀಟರಿನ ನಿಯಮದ ಬಗ್ಗೆ ತಿಳಿದವರು ಹೇಳಿ

ಖಾರಾ ತಯಾರಕರು, ಹಳೇ ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಶೇವು, ಖಾರಾಬೂಂದಿ, ಪಾಪಡಿ, ಅವಲಕ್ಕಿ ಚೂಡಾ ಮಾಡಿ ಹುಬ್ಬಳ್ಳಿ ಮತ್ತು ಸುತ್ತಲಿನ ಊರುಗಳ ಕಿರಾಣಿ ಅಂಗಡಿಗಳಿಗೆ ಕೊಡುವುದು ನಮ್ಮ ಮನೆತನದ ಉದ್ಯೋಗ. ತಂದೆಯವರ ಕಾಲಕ್ಕೆ ಒಂದೇ ಭಟ್ಟಿ ಇತ್ತು, ಈಗ ಎರಡಿವೆ. ಸಾಮಾನ್ಯ ದಿನಗಳಲ್ಲಿ 15 ಲೀಟರಿನ ನಾಲ್ಕು ಡಬ್ಬಿ ಎಣ್ಣೆ ಒಡೆಯುತ್ತೇವೆ. ದೀಪಾವಳಿ ಹತ್ತಿರ ಬಂದಾಗ ಅದು ಏಳೆಂಟು ಡಬ್ಬಿಗೆ ಏರುತ್ತದೆ. ಕರಿದು ಕಪ್ಪಾದ ಎಣ್ಣೆಯನ್ನು ಹಿತ್ತಲಿನ ಹಳೆಯ ಡ್ರಮ್ಮಿನಲ್ಲಿ ಸುರಿದಿಡುತ್ತೇವೆ. ವಾರಕ್ಕೊಮ್ಮೆ ಒಬ್ಬರು ಬೈಕಿಗೆ ಎರಡು ಕ್ಯಾನು ಕಟ್ಟಿಕೊಂಡು ಬಂದು, ನಗದು ಕೊಟ್ಟು, ತುಂಬಿಕೊಂಡು ಹೋಗುತ್ತಾರೆ. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದಾಗಲೆಲ್ಲ "ಸಬಕಾರ ಮಾಡಾಕರೀ" ಎಂಬುದೊಂದೇ ಉತ್ತರ.

ಕಳೆದ ವಾರ ತಪಾಸಣೆಗೆ ಬಂದ ಅಧಿಕಾರಿಗಳು ಪರವಾನಗಿ, ನೀರಿನ ಪರೀಕ್ಷೆಯ ವರದಿ, ಕೆಲಸಗಾರರ ವೈದ್ಯಕೀಯ ಪ್ರಮಾಣಪತ್ರ ಎಲ್ಲವನ್ನೂ ನೋಡಿ, ಕೊನೆಗೆ ಬಳಸಿದ ಎಣ್ಣೆಯ ದಾಖಲೆ ಪುಸ್ತಕ ಎಲ್ಲಿ ಎಂದು ಕೇಳಿದರು. ಅಂಥದೊಂದು ಪುಸ್ತಕ ಇರಬೇಕೆಂಬುದೇ ನನಗೆ ತಿಳಿದಿರಲಿಲ್ಲ. ಮುಂದಿನ ಸಲ ಬರುವಷ್ಟರಲ್ಲಿ ಸರಿಪಡಿಸಿಕೊಳ್ಳಿ ಎಂದು ಹೇಳಿ ಹೋಗಿದ್ದಾರೆ. ಆ ಪುಸ್ತಕದಲ್ಲಿ ಏನೇನು ಬರೆಯಬೇಕು, ಬೈಕಿನವರಿಗೆ ಕೊಡುವುದು ತಪ್ಪೇ, ತಪ್ಪಾದರೆ ಯಾರಿಗೆ ಕೊಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಆಹಾರ ಸುರಕ್ಷತಾಧಿಕಾರಿ, ಧಾರವಾಡ

ತಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ನಿಯಮಗಳು ಸೇರಿಕೊಂಡಿವೆ. ಅವುಗಳನ್ನು ಬಿಡಿಸಿ ನೋಡದಿದ್ದರೆ ಗೊಂದಲ ತಪ್ಪುವುದಿಲ್ಲ.

ಮೊದಲನೆಯದು ಎಣ್ಣೆಯ ಗುಣಮಟ್ಟಕ್ಕೆ ಸಂಬಂಧಿಸಿದ್ದು. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಹುಟ್ಟುವ ಕೆಡುಕಿನ ಅಂಶಗಳನ್ನೆಲ್ಲ ಒಟ್ಟಾಗಿ ಅಳೆಯುವ ಒಂದು ಮಾಪನವಿದೆ. ಅದಕ್ಕೆ ಟೋಟಲ್ ಪೋಲಾರ್ ಕಾಂಪೌಂಡ್ಸ್, ಚಿಕ್ಕದಾಗಿ ಟಿಪಿಸಿ ಎನ್ನುತ್ತಾರೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2017ರಲ್ಲಿ ಪರವಾನಗಿ ಮತ್ತು ನೋಂದಣಿ ವಿನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಟಿಪಿಸಿ ಶೇಕಡಾ 25ನ್ನು ದಾಟಿದ ಎಣ್ಣೆಯಲ್ಲಿ ಆಹಾರವನ್ನು ಕರಿಯುವಂತಿಲ್ಲ. ಇದು 2018ರ ಜುಲೈ 1ರಿಂದ ಜಾರಿಯಲ್ಲಿದೆ. ಇದಕ್ಕೆ ಲೀಟರಿನ ಲೆಕ್ಕವಿಲ್ಲ, ಅಂಗಡಿ ದೊಡ್ಡದೋ ಸಣ್ಣದೋ ಎಂಬ ಭೇದವೂ ಇಲ್ಲ.

ಎರಡನೆಯದು ದಾಖಲೆ ಮತ್ತು ವಿಲೇವಾರಿಯ ನಿಯಮ. ತಮ್ಮಲ್ಲಿ ಕೇಳಿದ್ದು ಇದನ್ನೇ. ಕರಿಯುವುದಕ್ಕೆ ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಪ್ರತಿಯೊಬ್ಬ ಆಹಾರ ಉದ್ಯಮಿಯೂ 2019ರ ಮಾರ್ಚ್ 1ರಿಂದ ದಾಖಲೆ ಇಡಬೇಕು ಮತ್ತು ಬಳಸಿದ ಎಣ್ಣೆಯನ್ನು ಪ್ರಾಧಿಕಾರ ಅಥವಾ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಮಾನ್ಯ ಮಾಡಿದ ಸಂಗ್ರಾಹಕರಿಗೆ ಮಾತ್ರ ಕೊಡಬೇಕು. ತಮ್ಮ ನಾಲ್ಕು ಡಬ್ಬಿಯೆಂದರೆ 60 ಲೀಟರು, ಆದ್ದರಿಂದ ತಾವು ಈ ನಿಯಮದೊಳಗೆ ಬರುತ್ತೀರಿ. ಯಾವ ಎಣ್ಣೆ, ಕರಿಯಲು ಎಷ್ಟು ತೆಗೆದುಕೊಂಡಿರಿ, ದಿನದ ಕೊನೆಗೆ ಎಷ್ಟನ್ನು ಹೊರಗೆ ತೆಗೆದಿರಿ, ಅದನ್ನು ಯಾವ ದಿನ, ಯಾವ ರೀತಿಯಲ್ಲಿ, ಯಾರಿಗೆ ಕೊಟ್ಟಿರಿ ಎಂಬುದನ್ನು ಬರೆದಿಡಬೇಕು. ನೂರು ಪುಟದ ಒಂದು ವಹಿಯಲ್ಲಿ ಗೆರೆ ಎಳೆದುಕೊಂಡರೂ ನಡೆಯುತ್ತದೆ, ಆದರೆ ದಿನದ ಲೆಕ್ಕವನ್ನು ಆ ದಿನವೇ ಬರೆಯಬೇಕು. ತಪಾಸಣೆಯ ಹಿಂದಿನ ರಾತ್ರಿ ಒಂದೇ ಪೆನ್ನಿನಿಂದ ಒಂದೇ ಓಟದಲ್ಲಿ ತುಂಬಿದ ವಹಿಯನ್ನು ಗುರುತಿಸುವುದು ಅಧಿಕಾರಿಗೆ ಕಷ್ಟವೇನಲ್ಲ ಎಂಬುದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

ಬೈಕಿನವರ ವಿಷಯ. ಅವರು ನಿಜವಾಗಿಯೂ ಸಾಬೂನಿಗೇ ಒಯ್ಯುತ್ತಿರಬಹುದು. ಆದರೆ ಅದೇ ಎಣ್ಣೆಯನ್ನು ಸೋಸಿ, ಹೊಸ ಎಣ್ಣೆಯೊಡನೆ ಬೆರೆಸಿ, ಬಿಡಿಯಾಗಿ ರಸ್ತೆಬದಿಯ ಗಾಡಿಗಳಿಗೆ ಅಗ್ಗದಲ್ಲಿ ಮಾರುವವರೂ ಇರುತ್ತಾರೆ. ಆ ಸರಪಳಿಯನ್ನು ಕಡಿಯುವುದಕ್ಕೆಂದೇ ಈ ನಿಯಮ ಬಂದದ್ದು. 2018ರ ಆಗಸ್ಟ್ 10ರಂದು, ಅಂದರೆ ವಿಶ್ವ ಜೈವಿಕ ಇಂಧನ ದಿನದಂದು, ಪ್ರಾಧಿಕಾರವು ‘ರೂಕೋ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಬಳಸಿದ ಎಣ್ಣೆ ಮರಳಿ ಬಾಣಲೆಗೆ ಬಾರದೆ ಬಯೋಡೀಸೆಲ್ ಆಗಬೇಕೆಂಬುದು ಅದರ ಉದ್ದೇಶ. ಆದ್ದರಿಂದ ತಮ್ಮ ಡ್ರಮ್ಮು ಖಾಲಿಯಾಯಿತೇ ಎಂದು ಯಾರೂ ಕೇಳುವುದಿಲ್ಲ, ಅದು ಎಲ್ಲಿ ಖಾಲಿಯಾಯಿತು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಇರಬೇಕು.

ಹೋಟೆಲ್ ಮಾಲೀಕರು, ಗದಗ

ಹಿರಿಯರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೂ ನನ್ನದೊಂದು ತಕರಾರಿದೆ. ನಮ್ಮಲ್ಲಿ ಸಂಜೆ ಹೊತ್ತು ಮಿರ್ಚಿ ಮತ್ತು ಬದನೆಕಾಯಿ ಭಜಿ ಮಾತ್ರ ಕರಿಯುವುದು. ದಿನಕ್ಕೆ ಎಂಟು, ಹೆಚ್ಚೆಂದರೆ ಹತ್ತು ಲೀಟರು. ರಾತ್ರಿ ಉಳಿದ ಎಣ್ಣೆಯನ್ನು ಸೋಸಿ ಮುಚ್ಚಿಟ್ಟು, ಮರುದಿನ ಅದರ ಮೇಲೆ ಹೊಸದನ್ನು ಸುರಿದುಕೊಳ್ಳುತ್ತೇವೆ. ಚೆಲ್ಲುವ ಪ್ರಸಂಗವೇ ಬರುವುದಿಲ್ಲ ಎಂದಮೇಲೆ ಈ ನಿಯಮ ನಮ್ಮಂಥವರಿಗೆ ಹೇಗೆ ಅನ್ವಯಿಸುತ್ತದೆ? ಮೂರು ಸಲ ಕಾಯಿಸಬಹುದು ಎಂದು ಸರಕಾರವೇ ಹೇಳಿದೆಯೆಂದು ಕೇಳಿದ್ದೇನೆ.

ನಿವೃತ್ತ ಆಹಾರ ಸುರಕ್ಷತಾಧಿಕಾರಿ, ಧಾರವಾಡ

ಗದಗಿನ ಮಾಲೀಕರೇ, ದಾಖಲೆಯ ನಿಯಮ ತಮಗೆ ಅನ್ವಯಿಸುವುದಿಲ್ಲ ನಿಜ, ಆದರೆ ಶೇಕಡಾ 25ರ ಮಿತಿ ಅನ್ವಯಿಸುತ್ತದೆ. "50 ಲೀಟರಿನ ಒಳಗಿದ್ದೇನೆ, ನನಗೇನೂ ಸಂಬಂಧವಿಲ್ಲ" ಎಂಬ ಮಾತನ್ನು ನಾನು ಸೇವೆಯಲ್ಲಿದ್ದಾಗ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೂರು ಸಲ ಎಂಬುದು ತಿಳಿವಳಿಕೆಗಾಗಿ ಕೊಟ್ಟ ಸಲಹೆಯೇ ಹೊರತು ಕಾನೂನಿನ ಅಳತೆಯಲ್ಲ. ಅಧಿಕಾರಿ ಬಂದು ಬಾಣಲೆಯ ಎಣ್ಣೆಯಲ್ಲಿ ಮೀಟರಿನ ಕಡ್ಡಿಯನ್ನು ಅದ್ದಿದಾಗ ಅದು ಎಷ್ಟನೆಯ ಸಲ ಕಾಯ್ದ ಎಣ್ಣೆ ಎಂದು ತೋರಿಸುವುದಿಲ್ಲ, ಟಿಪಿಸಿ ಎಷ್ಟಿದೆ ಎಂದಷ್ಟೇ ತೋರಿಸುತ್ತದೆ.

ಇನ್ನು ಹಳೆಯದರ ಮೇಲೆ ಹೊಸದನ್ನು ಸುರಿಯುವ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಹುಬ್ಬಳ್ಳಿಯ ಖಾರಾ ಭಟ್ಟಿಗೂ ತಮ್ಮ ಮಿರ್ಚಿ ಬಾಣಲೆಗೂ ಬಹಳ ವ್ಯತ್ಯಾಸವಿದೆ. ಶೇವು, ಬೂಂದಿಗಳು ಎಣ್ಣೆಯನ್ನು ಚೆನ್ನಾಗಿ ಹೀರುತ್ತವೆ. ಒಂದರ ಹಿಂದೊಂದು ಗಾಣ (ಒಮ್ಮೆಗೆ ಕರಿಯುವಷ್ಟು ಪಾಲು) ತೆಗೆಯುತ್ತಿದ್ದಂತೆ ಭಟ್ಟಿಯ ಎಣ್ಣೆ ಇಳಿಯುತ್ತದೆ, ಅಷ್ಟಕ್ಕೆ ಹೊಸದು ಬೀಳುತ್ತದೆ. ಹೀಗಾಗಿ ಭಟ್ಟಿಯಲ್ಲಿರುವ ಎಣ್ಣೆ ತಾನಾಗಿಯೇ ಬದಲಾಗುತ್ತ ಹೋಗುತ್ತದೆ. ಮಿರ್ಚಿ ಅಂಗಡಿಯಲ್ಲಿ ಹಾಗಲ್ಲ. ಗಿರಾಕಿ ಬಂದಾಗ ಹತ್ತು ಮಿರ್ಚಿ ಬಿಡುತ್ತೀರಿ, ಆಮೇಲೆ ಅರ್ಧ ತಾಸು ಬಾಣಲೆ ಸುಮ್ಮನೆ ಉರಿಯ ಮೇಲೆ ಕೂತಿರುತ್ತದೆ. ಕರಿಯುವ ಕೆಲಸ ಕಡಿಮೆ, ಕಾಯುವ ಹೊತ್ತು ಹೆಚ್ಚು. ಮೆಣಸಿನಕಾಯಿಯ ನೀರಿನಂಶ, ಗಾಳಿ, ಶಾಖ ಮೂರೂ ಸೇರಿ ಎಣ್ಣೆಯನ್ನು ಒಡೆಯುತ್ತವೆ. ಅದರ ಮೇಲೆ ಹೊಸದನ್ನು ಸುರಿದರೆ ಹೊಸ ಎಣ್ಣೆಯೂ ಬೇಗ ಕೆಡುತ್ತದೆ. ಹಾಲು ಕಾಯಿಸಿ ನಿನ್ನೆಯ ಹುಳಿ ಪಾತ್ರೆಗೇ ಸುರಿದಂತೆ. ಆದ್ದರಿಂದ ಎಂದೂ ಚೆಲ್ಲುವುದಿಲ್ಲ ಎಂದು ತಾವು ಹೇಳಿದ್ದು ತಮ್ಮ ಪರವಾದ ಮಾತಾಗುವುದಿಲ್ಲ, ವಿರುದ್ಧದ ಮಾತಾಗುತ್ತದೆ.

ಬಣ್ಣ ನೋಡಿ ನಿರ್ಧರಿಸುವುದೂ ನಂಬಿಕೆಗೆ ಅರ್ಹವಲ್ಲ. ಅರಿಸಿನ, ಖಾರದ ಪುಡಿ ಬಿದ್ದ ಎಣ್ಣೆ ಒಂದೇ ದಿನಕ್ಕೆ ಕೆಂಪಾಗಬಹುದು. ತಿಳಿಯಾಗಿ ಕಾಣುವ ಎಣ್ಣೆ ಮಿತಿ ದಾಟಿರಬಹುದು. ನೊರೆ ಬಾಣಲೆಯ ಅಂಚಿಗೆ ಏರಿ ಇಳಿಯದಿರುವುದು, ಮೊದಲಿಗಿಂತ ಕಡಿಮೆ ಉರಿಗೇ ಹೊಗೆ ಏಳುವುದು, ತಣಿದ ಮೇಲೆ ಝಾರಿಗೆ ಅಂಟಂಟಾಗಿ ಹತ್ತುವುದು, ಇವು ಕಂಡರೆ ಮೀಟರಿಗಾಗಿ ಕಾಯದೆ ತೆಗೆದುಬಿಡಿ.

ವಕೀಲರು, ಧಾರವಾಡ

ದಂಡದ ಬಗ್ಗೆ ಯಾರೂ ಕೇಳಿಲ್ಲವಾದರೂ ಮುಂದೆ ಕೇಳಿಯೇ ಕೇಳುತ್ತಾರೆಂದು ಬರೆಯುತ್ತಿದ್ದೇನೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 32ನೆಯ ಕಲಮಿನ ಪ್ರಕಾರ ಅಂಕಿತಾಧಿಕಾರಿಯು (ಆಹಾರ ಸುರಕ್ಷತೆಯ ಹೊಣೆ ಹೊತ್ತ ಜಿಲ್ಲಾ ಮಟ್ಟದ ಅಧಿಕಾರಿ) ಮೊದಲು ಸುಧಾರಣಾ ನೋಟಿಸು ಕೊಡಬಹುದು. ಸರಿಪಡಿಸಿಕೊಳ್ಳಲು 14 ದಿನಕ್ಕಿಂತ ಕಡಿಮೆಯಿಲ್ಲದ ಅವಧಿಯನ್ನು ಅದರಲ್ಲಿ ಕೊಡಬೇಕು. ಅದನ್ನು ಪಾಲಿಸದಿದ್ದರೆ ಪರವಾನಗಿ ಅಮಾನತಾಗಬಹುದು, ಆಮೇಲೆ ರದ್ದೂ ಆಗಬಹುದು. ಅನೈರ್ಮಲ್ಯದ ಸ್ಥಿತಿಯಲ್ಲಿ ಆಹಾರ ತಯಾರಿಸಿದ್ದಕ್ಕೆ 56ನೆಯ ಕಲಮಿನಡಿ 1 ಲಕ್ಷ ರೂಪಾಯಿಯವರೆಗೆ, ಪ್ರತ್ಯೇಕ ದಂಡ ಹೇಳಿರದ ಉಲ್ಲಂಘನೆಗಳಿಗೆ 58ನೆಯ ಕಲಮಿನಡಿ 2 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಇವು ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ದರ್ಜೆಯವರಲ್ಲದ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ನಡೆಯುವ ಪ್ರಕರಣಗಳು. ಆಹಾರವೇ ಅಸುರಕ್ಷಿತವೆಂದು ಸಾಬೀತಾದರೆ 59ನೆಯ ಕಲಮು ಬರುತ್ತದೆ. ಅಲ್ಲಿ ಜೈಲುವಾಸವೂ ಇದೆ.

ನನ್ನ ಕಕ್ಷಿದಾರರಿಗೆ ನಾನು ಹೆಚ್ಚು ಒತ್ತಿ ಹೇಳುವುದು ಬೇರೆ ಎರಡು ಕಲಮುಗಳನ್ನು. ದಂಡದ ಮೊತ್ತವನ್ನು ನಿಶ್ಚಯಿಸುವಾಗ ಉಲ್ಲಂಘನೆಯಿಂದ ಎಷ್ಟು ಲಾಭ ಮಾಡಿಕೊಂಡರು, ಅದು ಮರುಕಳಿಸಿದೆಯೇ, ಅರಿಯದೆ ಆದದ್ದೇ ಎಂಬುದನ್ನು ಪರಿಗಣಿಸಬೇಕೆಂದು 49ನೆಯ ಕಲಮು ಹೇಳುತ್ತದೆ. 80ನೆಯ ಕಲಮಿನಲ್ಲಿ, ತಕ್ಕ ಮುನ್ನೆಚ್ಚರಿಕೆಯನ್ನೆಲ್ಲ ವಹಿಸಿದ್ದೆ ಎಂದು ತೋರಿಸಬಲ್ಲವರಿಗೆ ಪ್ರತಿವಾದದ ಅವಕಾಶವಿದೆ. ಎರಡಕ್ಕೂ ಬೇಕಾಗುವ ಸಾಕ್ಷ್ಯ ಆ ದಾಖಲೆ ಪುಸ್ತಕ ಮತ್ತು ಸಂಗ್ರಾಹಕರ ರಸೀದಿ. ಹೀಗಾಗಿ ಗದಗಿನ ಮಾಲೀಕರು ಕಡ್ಡಾಯವಲ್ಲದಿದ್ದರೂ ಎರಡು ಸಾಲು ಬರೆದಿಟ್ಟುಕೊಂಡರೆ ನಷ್ಟವಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತೆಗೆದುಹಾಕುತ್ತೇನೆ. ಗ್ಯಾರೇಜುಗಳಿಂದ ಹಳೆಯ ಇಂಜಿನ್ ಆಯಿಲ್ ಒಯ್ಯುವವರು ತಮ್ಮ ಪರವಾನಗಿಯನ್ನು ತೋರಿಸಿ ಅಡುಗೆ ಎಣ್ಣೆಯನ್ನೂ ಕೇಳುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬರುವ ‘ಬಳಸಿದ ಎಣ್ಣೆ’ ಕಚ್ಚಾ ತೈಲದಿಂದ ಅಥವಾ ಕೃತಕ ತೈಲದಿಂದ ಬಂದದ್ದು. ಆ ಕಾಗದ ನಮ್ಮ ಕೆಲಸಕ್ಕೆ ಬಾರದು.

ಪರಿಸರ ಇಂಜಿನಿಯರ್, ಹುಬ್ಬಳ್ಳಿ

ಚರ್ಚೆ ಇಲ್ಲಿಯವರೆಗೆ ಮಾರುವ ಎಣ್ಣೆಯ ಸುತ್ತಲೇ ನಡೆದಿದೆ. ಗಟಾರಕ್ಕೆ ಹೋಗುವ ಎಣ್ಣೆಯ ಬಗ್ಗೆಯೂ ಎರಡು ಮಾತು ಇರಲಿ. 1974ರ ಜಲ ಮಾಲಿನ್ಯ ಕಾಯ್ದೆಯ 24ನೆಯ ಕಲಮು ಹಳ್ಳ, ಬಾವಿಗಳಷ್ಟೇ ಅಲ್ಲದೆ ಒಳಚರಂಡಿಗೆ ಮತ್ತು ನೆಲಕ್ಕೆ ಸಹ ಮಾಲಿನ್ಯಕಾರಕ ವಸ್ತುವನ್ನು ಬಿಡುವುದನ್ನು ನಿಷೇಧಿಸುತ್ತದೆ. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಎಣ್ಣೆ ಮತ್ತು ಜಿಡ್ಡಿನ ಮಿತಿ ಸಾರ್ವಜನಿಕ ಒಳಚರಂಡಿಗೆ ಲೀಟರಿಗೆ 20 ಮಿಲಿಗ್ರಾಂ, ಹಳ್ಳಕೊಳ್ಳಗಳಿಗೆ 10 ಮಿಲಿಗ್ರಾಂ. ಒಂದು ಲೋಟ ಕರಿದ ಎಣ್ಣೆಯನ್ನು ಮೋರಿಗೆ ಸುರಿದರೆ ಈ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ಯೋಚಿಸಿ. ಉಣಕಲ್ ನಾಲೆಯ ದಂಡೆಯಲ್ಲಿ ಓಡಾಡುವವರಿಗೆ ನೀರಿನ ಮೇಲಿನ ಜಿಡ್ಡಿನ ಪದರವನ್ನು ನಾನು ವರ್ಣಿಸಬೇಕಾಗಿಲ್ಲ.

ಪಾಮ್ ಎಣ್ಣೆ ಬಿಸಿಯಿದ್ದಾಗ ನೀರಿನಂತೆ ಹರಿದು ಹೋಗುತ್ತದೆ, ಪೈಪಿನಲ್ಲಿ ತಣಿದ ಮೇಲೆ ಗಟ್ಟಿಯಾಗುತ್ತದೆ. ಪಾತ್ರೆ ತೊಳೆದ ಸಾಬೂನಿನ ನೀರು, ಅನ್ನದ ಅಗುಳು ಅದಕ್ಕೆ ಅಂಟಿಕೊಂಡು ಕಲ್ಲಿನಂಥ ಉಂಡೆಯಾಗುತ್ತದೆ. ಪಾತ್ರೆ ತೊಳೆಯುವ ಜಾಗದಿಂದ ಹೊರಹೋಗುವ ನೀರಿಗೆ ಜಿಡ್ಡು ತಡೆಯುವ ತೊಟ್ಟಿ ಇರಲಿ, ಅದನ್ನು ತಪ್ಪದೆ ತೆಗೆಸಿ. ಆದರೆ ಆ ತೊಟ್ಟಿಯ ಜಿಡ್ಡನ್ನು ಭಟ್ಟಿಯಿಂದ ತೆಗೆದ ಎಣ್ಣೆಯ ಡ್ರಮ್ಮಿಗೆ ಮಾತ್ರ ಸುರಿಯಬೇಡಿ.

ಎಣ್ಣೆ ಸಂಗ್ರಹ ವಾಹನ ನಡೆಸುವವರು, ಹಾವೇರಿ

ಇಂಜಿನಿಯರ್ ಸಾಹೇಬರ ಕೊನೆಯ ಮಾತಿಗೆ ಕೈಮುಗಿಯುತ್ತೇನೆ. ನಮಗೆ ದೊಡ್ಡ ತಲೆನೋವು ನೀರೇ. ಬಯೋಡೀಸೆಲ್ ಮಾಡುವಾಗ ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರವನ್ನು ಸೇರಿಸುತ್ತಾರೆ; ಡೀಸೆಲ್ ಮೇಲೆ ನಿಲ್ಲುತ್ತದೆ, ಗ್ಲಿಸರಿನ್ ಕೆಳಗೆ ಇಳಿಯುತ್ತದೆ. ಎಣ್ಣೆಯಲ್ಲಿ ನೀರಿದ್ದರೆ ಡೀಸೆಲ್ಲಿನ ಬದಲು ಸಾಬೂನಿನ ಲೋಳೆಯಾಗುತ್ತದೆ. ಆದ್ದರಿಂದ ಎಣ್ಣೆ ತಣಿದ ಮೇಲೆ ಸೋಸಿ, ಕಡಲೆಹಿಟ್ಟಿನ ಗಸಿಯನ್ನು ಬೇರೆ ಮಾಡಿ, ಮುಚ್ಚಳವಿರುವ ಕ್ಯಾನಿನಲ್ಲಿ, ಮಳೆ ಬೀಳದ ಜಾಗದಲ್ಲಿಡಿ. ಕ್ಯಾನಿನ ಮೇಲೆ "ಬಳಸಿದ ಎಣ್ಣೆ, ತಿನ್ನಲು ಅಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಹೊಸ ಎಣ್ಣೆಯ ಖಾಲಿ ಡಬ್ಬಿಯಲ್ಲಿ, ಅದರದೇ ಹೆಸರಿನ ಚೀಟಿ ಇರುವಾಗ, ಹಳೆಯದನ್ನು ತುಂಬಿಟ್ಟ ಅಂಗಡಿಗಳನ್ನು ನೋಡಿದ್ದೇನೆ. ಹೊಸ ಹುಡುಗ ಕೆಲಸಕ್ಕೆ ಬಂದರೆ ಅದನ್ನೇ ಭಟ್ಟಿಗೆ ಸುರಿಯುತ್ತಾನೆ.

ದರ ಕೇಳುವವರಿಗೆ ಒಂದು ಮಾತು. 2019ರಲ್ಲಿ ತೈಲ ಕಂಪನಿಗಳು 51 ರೂಪಾಯಿಗೆ ಕೊಳ್ಳುತ್ತವೆಂದು ಪತ್ರಿಕೆಗಳಲ್ಲಿ ಬಂದದ್ದು ತಯಾರಾದ ಬಯೋಡೀಸೆಲ್ಲಿನ ಲೀಟರ್ ದರ, ತಮ್ಮ ಡ್ರಮ್ಮಿನ ಎಣ್ಣೆಯದಲ್ಲ. ಅದನ್ನೇ ಹಿಡಿದುಕೊಂಡು ಇಂದಿಗೂ ನಮ್ಮೊಡನೆ ಜಗಳಾಡುವವರಿದ್ದಾರೆ. ಬೈಕಿನವರು ನಮಗಿಂತ ಒಂದೆರಡು ರೂಪಾಯಿ ಹೆಚ್ಚು ಕೊಡಬಲ್ಲರು, ಏಕೆಂದರೆ ಅವರಿಗೆ ರಸೀದಿಯ ಖರ್ಚಿಲ್ಲ, ಗಾಡಿಯ ಖರ್ಚೂ ಇಲ್ಲ. ಇಪ್ಪತ್ತು, ಮೂವತ್ತು ಲೀಟರಿಗಾಗಿ ಹಾವೇರಿಯಿಂದ ಗಾಡಿ ತರುವುದು ನಮಗೆ ಆಗದ ಮಾತು. ಒಂದು ಓಣಿಯ ನಾಲ್ಕೈದು ಅಂಗಡಿಗಳು ಒಂದೇ ದಿನ ಗೊತ್ತುಮಾಡಿಕೊಂಡರೆ ಬರುತ್ತೇವೆ.

ನಿವೃತ್ತ ಆಹಾರ ಸುರಕ್ಷತಾಧಿಕಾರಿ, ಧಾರವಾಡ

ಹಾವೇರಿಯವರ ಸಲಹೆ ಒಳ್ಳೆಯದು, ಆದರೆ ಎಲ್ಲರ ಎಣ್ಣೆಯನ್ನೂ ಒಂದೇ ಅಂಗಡಿಯಲ್ಲಿ ಕೂಡಿಹಾಕಬೇಡಿ. ಹಾಗೆ ಮಾಡಿದರೆ ಆ ಅಂಗಡಿಯವರು ಮಾನ್ಯತೆಯಿಲ್ಲದೆ ಪರರ ಎಣ್ಣೆಯನ್ನು ಸಂಗ್ರಹಿಸಿದಂತೆ ಕಾಣುತ್ತದೆ, ಅವರ ವಹಿಯ ಲೆಕ್ಕವೂ ತಾಳೆಯಾಗುವುದಿಲ್ಲ. ದಿನ ಒಂದೇ ಇರಲಿ, ಕ್ಯಾನು ಬೇರೆ, ತೂಕ ಬೇರೆ, ರಸೀದಿ ಬೇರೆ. ಮತ್ತು, ಹಾವೇರಿಯವರು ಬೇಸರ ಮಾಡಿಕೊಳ್ಳಬಾರದು, ಯಾವ ಗಾಡಿ ಬಂದರೂ ಮಾನ್ಯತಾ ಪತ್ರದ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ಆ ಹೆಸರು ಪ್ರಾಧಿಕಾರದ ಅಥವಾ ರಾಜ್ಯದ ಪಟ್ಟಿಯಲ್ಲಿದೆಯೇ ಎಂದು ಅಂಕಿತಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಎಣ್ಣೆ ಸಂಗ್ರಹ ವಾಹನ ನಡೆಸುವವರು, ಹಾವೇರಿ

ಬೇಸರವೇನಿಲ್ಲ ಸರ್. ಪತ್ರ ಗಾಡಿಯಲ್ಲೇ ಇರುತ್ತದೆ. ಕೇಳುವವರೇ ಕಡಿಮೆ.

ಮದುವೆ ಅಡುಗೆ ಗುತ್ತಿಗೆದಾರರು, ರಾಣೆಬೆನ್ನೂರು

ನಮ್ಮದು ವಿಚಿತ್ರ ಸ್ಥಿತಿ. ಮದುವೆಯ ಹಂಗಾಮಿನಲ್ಲಿ ಒಂದೇ ದಿನ ಪೂರಿ, ಭಜಿ, ಜಿಲೇಬಿ ಎಂದು ಎಪ್ಪತ್ತು ಲೀಟರು ಸುಡುತ್ತದೆ, ಆಮೇಲೆ ಹತ್ತು ದಿನ ಒಲೆಯೇ ಹಚ್ಚುವುದಿಲ್ಲ. ಎಣ್ಣೆಯನ್ನು ಕೊಳ್ಳುವವರು ಮದುವೆ ಮನೆಯವರು, ಉಳಿದದ್ದನ್ನು ಡಬ್ಬಿಗೆ ತುಂಬಿಸಿಕೊಂಡು ಮನೆಗೆ ಒಯ್ಯುವವರೂ ಅವರೇ. ಕೆಲವರು ಸೆಂಟ್ರಿಂಗ್ ಹಲಗೆಗೆ ಬಳಿಯಲು ಕಟ್ಟಡದವರಿಗೆ ಕೊಡುತ್ತಾರೆ. ದಾಖಲೆ ಯಾರು ಇಡಬೇಕು?

ವಕೀಲರು, ಧಾರವಾಡ

ಕಾಯ್ದೆಯ ‘ಆಹಾರ ಉದ್ಯಮ’ ಎಂಬ ಪದದೊಳಗೆ ಅಡುಗೆ ಗುತ್ತಿಗೆಯೂ ಸೇರುತ್ತದೆ, ಲಾಭಕ್ಕಾಗಿ ನಡೆಸಿದರೂ ಸರಿ, ಇಲ್ಲದಿದ್ದರೂ ಸರಿ. ನಿತ್ಯ ಸಾವಿರಾರು ಜನರಿಗೆ ದಾಸೋಹ ನಡೆಸುವ ಮಠಗಳ ವ್ಯವಸ್ಥಾಪಕರೂ ಈ ಮಾತನ್ನು ಗಮನಿಸಬೇಕು. ಮದುವೆ ಮನೆಯವರು ಉದ್ಯಮಿಗಳಲ್ಲ, ತಾವು ಉದ್ಯಮಿಗಳು. 50 ಲೀಟರು ದಾಟಿದ ದಿನದ ಲೆಕ್ಕವನ್ನು ತಾವೇ ಬರೆದು, ಉಳಿದ ಎಣ್ಣೆಯನ್ನು ತಾವೇ ಸಂಗ್ರಾಹಕರಿಗೆ ಕೊಡುವುದು ಸುರಕ್ಷಿತವೆಂದು ನನ್ನ ಅಭಿಪ್ರಾಯ. ಇದನ್ನು ಮುಂಗಡ ಪಡೆಯುವಾಗಲೇ ಕರಾರಿನಲ್ಲಿ ಬರೆಸಿದರೆ ಕೊನೆಯ ಪಂಕ್ತಿ ಎದ್ದ ಮೇಲೆ ಬೀಗರ ಎದುರು ಡಬ್ಬಿಗಾಗಿ ವಾದ ಮಾಡುವುದು ತಪ್ಪುತ್ತದೆ. ಹಲಗೆಗೆ ಬಳಿಯುವುದು ಹೊಟ್ಟೆಗೆ ಹೋಗುವುದಕ್ಕಿಂತ ಮೇಲು, ಆದರೂ ನಿಯಮ ಹೇಳುವ ವಿಲೇವಾರಿ ಅದಲ್ಲ.

ಖಾರಾ ತಯಾರಕರು, ಹಳೇ ಹುಬ್ಬಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳಿಂದ ವಹಿ ಬರೆಯುತ್ತಿದ್ದೇನೆ. ಬರೆಯತೊಡಗಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಶೇವು ತೆಗೆಯುವ ಭಟ್ಟಿಯಿಂದ ವಾರಕ್ಕೆ ಹೊರಗೆ ತೆಗೆಯುವ ಎಣ್ಣೆ ಬಹಳ ಕಡಿಮೆ, ಪಾಪಡಿಯ ಭಟ್ಟಿಯಿಂದ ಅದರ ಎರಡು ಪಟ್ಟು. ಪಾಪಡಿಯವನು ಊಟಕ್ಕೆ ಹೋದಾಗಲೂ ಉರಿ ಇಳಿಸುತ್ತಿರಲಿಲ್ಲ ಎಂಬುದು ಆಗ ತಿಳಿಯಿತು; ಈಗ ಇಳಿಸುತ್ತಿದ್ದಾನೆ.

ಶನಿವಾರ ಬೈಕಿನವರು ಬಂದಿದ್ದರು. ಮಾನ್ಯತಾ ಪತ್ರ ಮತ್ತು ರಸೀದಿ ಇದ್ದರೆ ಈಗಲೇ ತುಂಬಿಕೊಡುತ್ತೇನೆ ಎಂದೆ. ಚಹಾ ಕುಡಿದು, "ಕಾಗದಾ ಎಲ್ಲಿಂದ ತರೂಣ್ರೀ ಅಣ್ಣಾರ" ಎಂದು ಹೇಳಿ, ಖಾಲಿ ಕ್ಯಾನಿನೊಂದಿಗೆ ಹೋದರು. ಇಷ್ಟು ವರ್ಷಗಳ ಪರಿಚಯ, ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ನಮ್ಮ ಓಣಿಯ ಇನ್ನೂ ಮೂವರು ಒಪ್ಪಿದ್ದಾರೆ. ಒಟ್ಟು ನಾಲ್ಕು ಅಂಗಡಿ, ನಾಲ್ಕು ಕಡೆ ಬೇರೆ ಬೇರೆ ಕ್ಯಾನು, ಎಲ್ಲ ಸೇರಿ ನೂರಾ ಮೂವತ್ತು ಲೀಟರಿನ ಆಸುಪಾಸು ಆಗಬಹುದು. ಹಾವೇರಿಯವರೇ, ಗುರುವಾರ ಮಧ್ಯಾಹ್ನ ಎರಡರ ಮೇಲೆ ಬಂದರೆ ಭಟ್ಟಿ ಆರಿರುತ್ತದೆ, ಎಣ್ಣೆಯೂ ತಣಿದಿರುತ್ತದೆ. ಓಣಿಯ ಬಾಯಿಯಲ್ಲಿ ದೊಡ್ಡ ಗಾಡಿ ತಿರುಗುವುದಿಲ್ಲ, ಸಣ್ಣದನ್ನು ತನ್ನಿ.